ಅಲುಗಾಡದೆ ಕೂತಿದ್ದ ತಾತ

ಒದ್ದೆ ಗೋಣಿಚೀಲ ಬಿಚ್ಚಿದ ಕೂಡಲೇ ಜೇಡಿಮಣ್ಣಿನ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಬನ್ನಿಮಂಟಪದ ಹತ್ತಿರದ ಹಳೆಯ ಮನೆಯೊಂದರಲ್ಲಿ ನಾವು ಆರು ಜನ ಕಲಾವಿದರು ಒಂದು ತಿಂಗಳು ಒಟ್ಟಿಗೆ ಉಳಿದು ಕೆಲಸ ಮಾಡಬೇಕಿತ್ತು, ಕೊನೆಗೊಂದು ಪ್ರದರ್ಶನ. ವಿಷಯ ‘ನೆನಪು ಮತ್ತು ದೇಹ’. ಉಳಿದವರು ಕಾಫಿ ಕುಡಿಯುತ್ತಾ ದೊಡ್ಡ ದೊಡ್ಡ ಮಾತಾಡುತ್ತಿದ್ದರು. ನನಗೆ ಆ ವಾಸನೆಯೊಂದೇ ಸಾಕಾಯಿತು. ತಾತ ನೆನಪಾದರು...

ಕಲಾಶಾಲೆಯಲ್ಲಿ ನಾವು ನೋಡಿಕೊಂಡು ಮೂರ್ತಿ ಮಾಡಲೆಂದು ಮಾಡೆಲ್ ಆಗಿ ಕೂರುತ್ತಿದ್ದವರು ಅವರು. ಕಡಕೊಳದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಸ್ಟೂಲಿನ ಮುಂದೆ ಅವರ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡುತ್ತಿದ್ದೆವು. ಟೀ ಕುಡಿದು ಬಂದು ಅದೇ ಗೆರೆಯೊಳಗೆ ಕಾಲಿಟ್ಟು, ಅದೇ ಭಂಗಿಯಲ್ಲಿ ಕೂತುಬಿಡುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಅಲುಗಾಡುತ್ತಿರಲಿಲ್ಲ. ಅವರಿಗೆ ಅದೇ ಒಂದು ಹೆಮ್ಮೆ. ನಮಗೋ, ಅವರೆಂದರೆ ಒಂದು ಮೂಗು, ಎರಡು ಕಿವಿ, ಒಂದು ಗದ್ದ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಕೊನೆಯ ವರ್ಷದ ಪರೀಕ್ಷೆಗೆ ನಾನು ಮಣ್ಣಿನಲ್ಲಿ ಅವರ ತಲೆ ಮಾಡುತ್ತಿದ್ದೆ. ಮಾರನೆಯ ದಿನವೇ ಒಪ್ಪಿಸಬೇಕು. ಉಳಿದವರೆಲ್ಲ ಮುಗಿಸಿ ಹೋಗಿದ್ದರು, ಕೋಣೆಯಲ್ಲಿ ನಾವಿಬ್ಬರೇ. ಇವತ್ತೊಂದು ದಿನ ಟೀ ಬಿಡುವು ಬೇಡ ತಾತ ಎಂದು ಗೋಗರೆದೆ.

“ಕೂತ್ಕತೀನಿ ಬುಡವ್ವ, ನಿನ್ ಪರೀಕ್ಷೆ ಮುಗೀಲಿ,” ಎಂದರು.

ಸ್ವಲ್ಪ ಹೊತ್ತಿಗೆ ಅವರ ಎಡಭುಜ ಇಳಿಯಿತು. “ತಾತ, ಭುಜ ಮೇಲೆ,” ಎಂದೆ. ಎತ್ತಿದರು. ಮತ್ತೆ ಇಳಿಯಿತು, ಮತ್ತೆ ಗದರಿದೆ. ಆಮೇಲೆ ನೋಡಿದರೆ ಬಾಯಿಯ ಎಡಮೂಲೆ ನಾನು ಮಾಡಿದ್ದಕ್ಕಿಂತ ಕೆಳಗಿತ್ತು. ಇಷ್ಟು ದಿನ ನಾನೇ ತಪ್ಪು ಮಾಡಿದ್ದೇನೆ ಅಂದುಕೊಂಡು ಮಣ್ಣಿನ ಬಾಯನ್ನು ಪೂರ್ತಿ ಕೆಡವಿ, ಕಂಡ ಹಾಗೆಯೇ ವಾರೆಯಾಗಿ ಮಾಡಿದೆ. ಕಣ್ಣಿಗೆ ಕಂಡದ್ದನ್ನೇ ಮಾಡಿ ಎಂದು ಮೇಷ್ಟ್ರು ಕಲಿಸಿದ್ದರಲ್ಲ... ಏನಾಯ್ತು ತಾತ ಎಂದು ಕೇಳಬೇಕೆಂಬುದು ಹೊಳೆಯಲೇ ಇಲ್ಲ. ಊಟದ ಹೊತ್ತಿಗೆ ಏಳಲು ಹೋಗಿ ಬಿದ್ದರು.

ಡಾಕ್ಟರು ಪಾರ್ಶ್ವವಾಯು ಎಂದರು. ಎದ್ದಾಗ ಬಿದ್ದರು ಎಂದಷ್ಟೇ ನಾನು ಎಲ್ಲರಿಗೂ ಹೇಳಿದೆ. ಆಸ್ಪತ್ರೆಗೆ ಹೋಗುವ ಧೈರ್ಯವಾಗಲಿಲ್ಲ. ಮೂರು ವಾರಕ್ಕೆ ತೀರಿಕೊಂಡರು. ಆ ತಲೆಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಬಾಯಿಯಲ್ಲಿ ಜೀವ ಇದೆ ಎಂದು ಮೇಷ್ಟ್ರು ಹೊಗಳಿದರು. ನಾನು ಕೈಮುಗಿದು ನಿಂತಿದ್ದೆ, ಪಾಪಿ.

ಅದರ ಪ್ಲಾಸ್ಟರ್ ಎರಕ ಇಷ್ಟು ವರ್ಷ ನಮ್ಮ ಮನೆಯ ಅಟ್ಟದ ಮೇಲಿತ್ತು. ಈ ಸಲ ಹೊಸದೇನೂ ಕೈಗೆ ಹತ್ತದೆ ಅದನ್ನೇ ಪ್ರದರ್ಶನಕ್ಕಿಟ್ಟೆ. ಕಡಕೊಳಕ್ಕೆ ಹೋಗಿ, ವಿಚಾರಿಸಿ, ಅವರ ಮಗಳನ್ನು ಕಂಡು, ಬನ್ನಿ ಎಂದು ಕರೆದು ಬಂದೆ. ಎದುರು ನಿಂತು ಎಲ್ಲವನ್ನೂ ಹೇಳಿಬಿಡಬೇಕು ಎಂದಿತ್ತು.

ಆಕೆ ಬಂದರು. ತಲೆಯ ಮುಂದೆ ಬಹಳ ಹೊತ್ತು ನಿಂತರು.

“ಆಸ್ಪತ್ರೇಲಿ ಇಂಗೇ ಇತ್ತು ಬಾಯಿ. ನೀವೂ ಬಂದಿದ್ರಾ ಮೇಡಂ? ನಾನು ನೋಡ್ಲೇ ಇಲ್ವಲ್ಲ.”

ಬಂದಿದ್ದೆ ಎಂದುಬಿಡುವುದು ಎಷ್ಟು ಸುಲಭವಿತ್ತು... ಇಲ್ಲ ಎಂದೆ. ಇಳಿದ ಭುಜ, ನಾನು ಗದರಿದ್ದು, ಕೆಡವಿ ಮಾಡಿದ ಬಾಯಿ, ಎಲ್ಲ ಹೇಳಿದೆ.

ಆಕೆ ಬೈಯಲಿಲ್ಲ. “ಎಷ್ಟೊತ್ತಿಗೆ ಶುರುವಾಯ್ತು ಅಂತ ಡಾಕ್ಟ್ರು ಕೇಳ್ತಾನೇ ಇದ್ರು. ನಮ್ಗೆ ಯಾರ್ಗೂ ಗೊತ್ತಿರ್ನಿಲ್ಲ,” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, “ನಮ್ಮನೇಲಿ ಅಪ್ಪಂದು ಒಂದು ಫೋಟೋನೂ ಇಲ್ಲ ಕಣ್ರೀ. ಮುಂಚೆ ಎಂಗಿತ್ತೋ ಅಂಗೆ ಬಾಯಿ ಸರಿ ಮಾಡ್ಕೊಡಿ, ತಗೊಂಡೋಯ್ತೀನಿ,” ಎಂದರು.

ಆಗಲಿ ಎಂದು ಒಪ್ಪಿಕೊಂಡೆ. ಪ್ರದರ್ಶನ ಮುಗಿದು ಎಲ್ಲರೂ ಊರು ಸೇರಿದ್ದಾರೆ. ನಾನು ದಿನವೂ ಮಣ್ಣು ಹಿಡಿದು ಕೂರುತ್ತೇನೆ. ಎಷ್ಟು ನೆನೆದರೂ ಬೆರಳಿಗೆ ಆ ವಾರೆ ಬಾಯಿಯೇ ಬರುತ್ತದೆ. ಅದಕ್ಕೆ ಮುಂಚಿನದು ನನಗೆ ನೆನಪಿಲ್ಲ.