ಖಾಲಿ ಹಾಳೆಗೂ ಒಂದು ಸಂಖ್ಯೆ

ಕಾರಾಗೃಹದ ಗೋಡೆಯ ಒಳಗಿನವರ ದೂರನ್ನು ಹೊರಗಿನ ಸಾಮಾನ್ಯ ನಾಗರಿಕರು ಕುಳಿತು ಕೇಳಬಹುದು, ಕೇಳಿದ ಮೇಲೆ ಅಧಿಕಾರಿಗಳಿಂದ ಉತ್ತರವನ್ನೂ ಪಡೆಯಬಹುದು ಎಂಬ ಮಾತು ಇಂದು ನಮ್ಮ ಊರಿನಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಹಾಗಿರಲಿಲ್ಲ. ಒಳಗಿನ ಅಧಿಕಾರಿಗಳಿಗೆ ಅದು ಇಲ್ಲದ ಉಸಾಬರಿಯಾಗಿ ಕಂಡರೆ, ಹೊರಗಿನ ಸಭ್ಯರಿಗೆ ಬೇಡದ ತಲೆನೋವಾಗಿ ಕಾಣುತ್ತಿತ್ತು. ಈ ಎರಡು ಅಸಮಾಧಾನಗಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತು, ದನಿ ಏರಿಸದೆ ಎರಡೂ ಕಡೆಯವರನ್ನು ದಾರಿಗೆ ತಂದವರು, ಈ ತಿಂಗಳು ಕಾರಾಗೃಹ ದೂರು ಪರಿಶೀಲನಾ ನಾಗರಿಕ ಸಮಿತಿಯ ಕಾರ್ಯದರ್ಶಿ ಸ್ಥಾನದಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಕಡತಗಳಲ್ಲಿ ಅವರು ‘ಮಾನ್ಯ ಕಾರ್ಯದರ್ಶಿಗಳು’. ಕಾರಾಗೃಹದ ಒಳಗೆ ಮಾತ್ರ, ಕೈದಿಗಳಿಗೂ ಕಾವಲಿನವರಿಗೂ, ‘ಪೆಟ್ಟಿಗೆ ಅಮ್ಮ’. ಈ ಹೆಸರನ್ನು ಮೊದಲು ಇಟ್ಟವರು ಗೇಲಿಗೆಂದೇ ಇಟ್ಟಿದ್ದರು. ಅದು ಬಿರುದಾಗಿ ಉಳಿದುಕೊಂಡಿತು.

ಸಮಿತಿಯ ಗುಮಾಸ್ತನಾಗಿ ಇಪ್ಪತ್ತು ವರ್ಷ ಅವರ ಎದುರಿನ ಮೇಜಿನಲ್ಲಿ ಕುಳಿತ ನನಗೆ ಅವರ ಅಭಿನಂದನ ಗ್ರಂಥಕ್ಕೆ ಈ ಲೇಖನ ಬರೆಯುವ ಅರ್ಹತೆ ಇದೆಯೋ ಇಲ್ಲವೋ, ಬರೆಯಲೇಬೇಕಾದ ಕಾರಣವಂತೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೇಡಂ ಮೊದಲು ಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದರು. ಸಮಿತಿ ಹುಟ್ಟಿದಾಗ ಯಾರೂ ಒಪ್ಪದ ಕಾರ್ಯದರ್ಶಿ ಹುದ್ದೆಯನ್ನು ಒಪ್ಪಿಕೊಂಡು, ಇದ್ದ ನೌಕರಿಯನ್ನು ಬಿಟ್ಟು ಬಂದರು. ಕಾರಾಗೃಹದ ಹೆಬ್ಬಾಗಿಲಿನ ಎದುರು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಕೆಳಗೆ ಟಯರಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ನಮ್ಮ ಸಭೆ. ಕಾರಾಗೃಹದ ಒಳಗೆ, ಅಡುಗೆ ಕೋಣೆಗೆ ಹೋಗುವ ಓಣಿಯ ಗೋಡೆಗೆ ಬೂದು ಬಣ್ಣದ ತಗಡಿನ ಪೆಟ್ಟಿಗೆ. ಅದರ ಬೀಗದ ಕೈ ನಮ್ಮಲ್ಲಿ ಮಾತ್ರ. ಪ್ರತಿ ಬುಧವಾರ ಪೆಟ್ಟಿಗೆ ತೆರೆದು, ದೂರುಗಳನ್ನು ತಂದು, ದಾಖಲೆ ಪುಸ್ತಕದಲ್ಲಿ ಸಂಖ್ಯೆ ಕೊಟ್ಟು, ಕಾರಾಗೃಹದಿಂದ ಉತ್ತರ ತರಿಸಬೇಕು. ನಿಯಮದಲ್ಲಿ ಇದ್ದದ್ದು ಇಷ್ಟೇ. ಮೇಡಂ ತಾವಾಗಿ ಒಂದನ್ನು ಸೇರಿಸಿದರು. ಬಂದ ಉತ್ತರವನ್ನು ದೂರು ಕೊಟ್ಟವರ ಮುಂದೆ ಕುಳಿತು ಓದಿ ಹೇಳುವುದು, ಅವರು ತಮಗೆ ಏನು ಅರ್ಥವಾಯಿತೆಂದು ತಮ್ಮ ಮಾತಿನಲ್ಲೇ ತಿರುಗಿ ಹೇಳುವವರೆಗೆ ಕಡತ ಮುಚ್ಚದಿರುವುದು. ಇದರಿಂದ ಕೆಲಸ ಮೂರು ಪಟ್ಟಾಯಿತು. ನಾನು ಗೊಣಗಿದಾಗಲೆಲ್ಲ, ತರಗತಿಯಲ್ಲಿ ಪಾಠ ಮಾಡಿ ಮಕ್ಕಳಿಗೆ ತಿಳಿಯಿತೋ ಎಂದು ಕೇಳದೆ ಗಂಟೆ ಹೊಡೆಸುವ ಮೇಷ್ಟ್ರು ಬಹಳ ಜನ ಇದ್ದಾರೆ, ನಾವೂ ಏಕೆ ಹಾಗೆ ಆಗಬೇಕು ಎನ್ನುತ್ತಿದ್ದರು.

ಅವರು ಕೈದಿಗಳ ಪರ, ಸಿಬ್ಬಂದಿಯ ವಿರುದ್ಧ ಎಂದು ತಿಳಿದವರು ಅವರನ್ನು ತಿಳಿಯದವರು. ಕಾವಲಿನವರೂ ಪೆಟ್ಟಿಗೆಗೆ ದೂರು ಹಾಕಬಹುದೆಂದು ಹಟ ಹಿಡಿದು ಒಪ್ಪಿಸಿದವರು ಅವರೇ. ಅದರ ಮೊದಲ ಫಲವಾಗಿ ಪಾಳಿಯವರ ಕೋಣೆಗೆ ಫ್ಯಾನು ಬಂತು. ಮಗನನ್ನು ನೋಡಲು ಬಿಸಿಲಿನಲ್ಲಿ ನಿಂತು ಕಾಲು ಊದಿಸಿಕೊಂಡ ತಾಯಿಯೊಬ್ಬರ ಕಾಗದದಿಂದ ಭೇಟಿಯ ಸಾಲಿಗೆ ಚಪ್ಪರವೂ ಬೆಂಚೂ ಬಂದವು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಸಭೆಯ ನಡಾವಳಿಗಳನ್ನು ತಾವೇ ಬರೆದು, ನನ್ನ ಸಹಿಗೆಂದು ಜಾಗ ಬಿಟ್ಟಿಡುತ್ತಿದ್ದರು. ಅವರ ಅಕ್ಷರ ಮಾತ್ರ ದೇವರಿಗೇ ಪ್ರೀತಿ. ಆ ನಡಾವಳಿಗಳನ್ನು ಇಂದಿಗೂ ಯಾರೂ ಪೂರ್ತಿ ಓದಿಲ್ಲ. ಅಭಿನಂದನ ಗ್ರಂಥದಲ್ಲಿ ಹೀಗೆ ಬರೆಯಬಾರದೇನೋ, ಆದರೆ ಸುಳ್ಳು ಹೇಳಿದರೆ ಅವರಿಗೇ ಮೊದಲು ಗೊತ್ತಾಗುತ್ತದೆ. ಅದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ನಾನು ಸಮಿತಿಗೆ ಸೇರಿದ ಎರಡನೆಯ ವರ್ಷ. ದಾಖಲೆ ಪುಸ್ತಕ ಅಚ್ಚುಕಟ್ಟಾಗಿರಬೇಕೆಂಬ ಹುಚ್ಚು ನನಗೆ. ‘ವಿಷಯವಿಲ್ಲದ ಕಾಗದ ದಾಖಲೆಗೆ ಅರ್ಹವಲ್ಲ’ ಎಂಬ ನಿಯಮವನ್ನು ಕಂಠಪಾಠ ಮಾಡಿಕೊಂಡಿದ್ದೆ. ಒಂದು ಬುಧವಾರ ಪೆಟ್ಟಿಗೆಯಲ್ಲಿ ಖಾಲಿ ಹಾಳೆಯೊಂದು ಸಿಕ್ಕಿತು. ಅಂಚನ್ನು ಸಣ್ಣಗೆ ಎರಡು ಸುತ್ತು ಮಡಿಚಿ, ಉಗುರಿನಿಂದ ತೀಡಿದ ಬಿಳಿ ಹಾಳೆ. ಯಾರದೋ ಕುಚೇಷ್ಟೆ ಎಂದುಕೊಂಡು ಕಸದ ಬುಟ್ಟಿಗೆ ಹಾಕಿದೆ. ಮರುವಾರವೂ ಬಂತು, ಅದರ ಮರುವಾರವೂ ಬಂತು. ಹೀಗೆ ಐದು ಬುಧವಾರ, ಐದು ಹಾಳೆ, ಐದೂ ಬುಟ್ಟಿಗೆ. ಮೇಡಂಗೆ ಹೇಳಲಿಲ್ಲ, ಹೇಳುವಂಥದ್ದು ಏನಿದೆ ಎನಿಸಿತ್ತು.

ಆರನೆಯ ಬುಧವಾರ ಅಕ್ಕನ ಮನೆ ಬದಲಾಯಿಸುವ ಕೆಲಸಕ್ಕೆಂದು ನಾನು ರಜೆ ಹಾಕಿದ್ದೆ. ಮೇಡಂ ತಾವೇ ಹೋಗಿ ಪೆಟ್ಟಿಗೆ ತೆರೆದರು. ಮರುದಿನ ನಾನು ಬಂದಾಗ ಅವರು ಕಿಟಕಿಯ ಬಳಿ ಅಂಥದೇ ಒಂದು ಹಾಳೆ ಹಿಡಿದು ನಿಂತಿದ್ದರು.

“ಇಂಥದ್ದು ಮುಂಚೆ ಬಂದಿತ್ತಾ?” ಎಂದು ಕೇಳಿದರು.

ಇಲ್ಲ ಮೇಡಂ, ಇದೇ ಮೊದಲು ಎಂದುಬಿಟ್ಟೆ. ಅವರು ತಮ್ಮ ಬೆರಳ ತುದಿಯನ್ನು ನನಗೆ ತೋರಿಸಿದರು. ಬೆಳ್ಳಗೆ ಪುಡಿ ಅಂಟಿತ್ತು. ಹದಿನಾರು ವರ್ಷ ಸೀಮೆಸುಣ್ಣ ಹಿಡಿದ ಬೆರಳು ಅದು. ನನಗೆ ಖಾಲಿಯೆನಿಸಿದ್ದು ಅವರಿಗೆ ಮುಟ್ಟಿದ ಕೂಡಲೇ ತಿಳಿದಿತ್ತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಒತ್ತಿ ಬರೆದ ಅಕ್ಷರಗಳ ಗುರುತನ್ನು ಹುಡುಕುತ್ತ, ನಿಧಾನವಾಗಿ ಓದಿದರು: “ಕಣ್ಣು ಕಾಣ್ತಿಲ್ಲ. ಆಸ್ಪತ್ರೆಗೆ ಕಳಿಸಿ. ಇದು ಆರನೇ ಸಲ ಬರೀತಿರೋದು. ಹೊಲಿಗೆ ಕೋಣೆ, ಮೂರನೇ ಮಿಷನ್ನು.”

ಓದಿ, ನನ್ನ ಮುಖ ನೋಡಿದರು. ಐದನ್ನು ಎಸೆದೆನೆಂದು ಅಲ್ಲೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ನಾನು ಹಿಂದೆ ಓಡಿದೆ.

ಮೂರನೆಯ ಮಿಷನ್ನಿನ ಮುಂದೆ ಐವತ್ತು ದಾಟಿದ ದರ್ಜಿಯೊಬ್ಬರು ಕುಳಿತಿದ್ದರು. ಒಳಗೆ ಬರುವ ಮುಂಚೆ ಮೂವತ್ತು ವರ್ಷ ಅಂಗಡಿ ಇಟ್ಟುಕೊಂಡಿದ್ದವರು. ದೃಷ್ಟಿ ಮಂಕಾಗುತ್ತಿದೆ ಎಂದು ಕಾರಾಗೃಹದ ವೈದ್ಯರಿಗೆ ಹೇಳಿದಾಗ, ‘ಕೆಲಸ ತಪ್ಪಿಸಿಕೊಳ್ಳುವ ನೆಪ’ ಎಂದು ಚೀಟಿ ಬರೆದು ಕಳುಹಿಸಿದ್ದರಂತೆ. ಪೆನ್ನು ಬೇಕೆಂದರೆ ಕಾವಲಿನವರನ್ನು ಕೇಳಬೇಕು, ಏಕೆಂದು ಹೇಳಬೇಕು. ಆದ್ದರಿಂದ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲೇ ಬರೆದು, ಬಟ್ಟೆಯ ಅಂಚಿನಂತೆ ಮಡಿಚಿ ಹಾಕಿದ್ದರು.

ಕಾರಾಗೃಹದ ಅಧೀಕ್ಷಕರು ಒಳ್ಳೆಯವರೇ, ಆದರೆ ವೈದ್ಯರ ಚೀಟಿಯನ್ನು ಮೀರಿ ಹೋಗುವವರಲ್ಲ. ಇಂಥ ನಾಟಕಗಳನ್ನು ಬೇಕಾದಷ್ಟು ನೋಡಿದ್ದೇನೆ, ಬೇಕಿದ್ದರೆ ಮುಂದಿನ ತಿಂಗಳು ನೋಡೋಣ ಎಂದರು. ಮೇಡಂ ಆ ಹಾಳೆಯನ್ನು ಅವರ ಮೇಜಿನ ಮೇಲೆ ಬಿಡಿಸಿಟ್ಟರು.

“ಸಾಹೇಬ್ರೇ, ಮೂವತ್ತು ವರ್ಷ ಬಟ್ಟೆ ಕತ್ತರಿಸಿದವರು ಬಿಳಿ ಹಾಳೆ ಮೇಲೆ ಬಿಳಿ ಚಾಕ್‌ಪೀಸಲ್ಲಿ ಯಾಕೆ ಬರೀತಾರೆ? ನೀವೇ ಕೇಳಿ.”

ಅಧೀಕ್ಷಕರು ದರ್ಜಿಯನ್ನು ಕರೆಸಿ ಕೇಳಿದರು. ದರ್ಜಿ ಗಲಿಬಿಲಿಗೊಂಡು ನಿಂತರು. ಬರೆದದ್ದು ಕಾಣಿಸುತ್ತಿಲ್ಲವೆಂಬುದೇ ಅವರಿಗೆ ಗೊತ್ತಿರಲಿಲ್ಲ. ಹಾಳೆಯನ್ನು ಬೆರಳಿನಿಂದ ತಡವಿ, “ನೀಲಿ ಅಂದ್ಕೊಂಡಿದ್ದೆ ಸಾರ್,” ಎಂದರು.

ಅಧೀಕ್ಷಕರು ವೈದ್ಯರ ಚೀಟಿಯನ್ನು ಪಕ್ಕಕ್ಕೆ ಸರಿಸಿ, ಗಾಡಿ ತರಲು ಹೇಳಿದರು. ಅದೇ ಮಧ್ಯಾಹ್ನ ದರ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಸೇರಿಸಲಾಯಿತು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ಎಡಗಣ್ಣನ್ನು ಉಳಿಸಬಹುದು, ಬಲಗಣ್ಣು ಕೈಮೀರಿದೆ ಎಂದರು ಅಲ್ಲಿನ ವೈದ್ಯೆ. ಒಂದು ತಿಂಗಳು ಮುಂಚೆ ಬಂದಿದ್ದರೆ ಅದನ್ನೂ ಒಂದಿಷ್ಟು ಉಳಿಸಬಹುದಿತ್ತೆಂದೂ ಹೇಳಿದರು. ಆ ಒಂದು ತಿಂಗಳು ನನ್ನ ಕಸದ ಬುಟ್ಟಿಯಲ್ಲಿತ್ತು.

ನಾನು ರಾಜೀನಾಮೆ ಬರೆದು ಮೇಡಂ ಮುಂದಿಟ್ಟೆ. ಓದದೆಯೇ ಹಿಂದಕ್ಕೆ ತಳ್ಳಿದರು.

“ಇದನ್ನ ಕೊಟ್ಟು ಕೈ ತೊಳ್ಕೊಂಡ್ರೆ ಆಯ್ತಾ? ಮೊದಲು ಹೋಗಿ ಅವರಿಗೆ ಹೇಳಿ. ಅವರು ಏನಂತಾರೋ ಕೇಳ್ಕೊಂಡು ಬನ್ನಿ.”

ಹೋದೆ. ದರ್ಜಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಅವರು ಪರವಾಗಿಲ್ಲ ಎನ್ನಲಿಲ್ಲ; ಎಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಕೊನೆಗೆ, “ಮಡಿಕೆ ನೇರವಾಗಿತ್ತಾ?” ಎಂದು ಕೇಳಿದರು. ಐದೂ ನೂಲು ಹಿಡಿದಂತೆ ನೇರವಾಗಿದ್ದವು ಎಂದೆ. “ಹಾಗಾದ್ರೆ ಕೈ ಇನ್ನೂ ಕೆಟ್ಟಿಲ್ಲ,” ಎಂದು ಗೋಡೆಯ ಕಡೆಗೆ ತಿರುಗಿಕೊಂಡರು.

ಆ ವರ್ಷದ ವರದಿಯಲ್ಲಿ ಮೇಡಂ ನಮ್ಮ ಸಮಿತಿಯ ಮೇಲೇ ಒಂದು ದೂರು ದಾಖಲಿಸಿದರು. ಇದರಿಂದ ಊರಿನವರ ಮುಂದೆ ನಗೆಪಾಟಲಾಗುತ್ತೇವೆ, ಕಾರಾಗೃಹದವರ ಕೈಗೆ ಕೋಲು ಕೊಟ್ಟಂತಾಗುತ್ತದೆ ಎಂದು ಸದಸ್ಯರು ಮೀನಮೇಷ ಎಣಿಸಿದರು. ಬೇರೆಯವರ ತಪ್ಪು ಕೇಳಲು ಕುಳಿತ ನಾವು ನಮ್ಮ ತಪ್ಪಿಗೆ ಯಾವ ಪೆಟ್ಟಿಗೆ ಇಟ್ಟಿದ್ದೇವೆ ಎಂದು ಕೇಳಿದರು ಮೇಡಂ. ವರದಿ ಹಾಗೆಯೇ ಅಚ್ಚಾಯಿತು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ‘ಸಮಿತಿಯ ವಿಳಂಬ’ ಎಂದಷ್ಟೇ ಇತ್ತು. ಅಂದಿನಿಂದ ಖಾಲಿ ಹಾಳೆಗೂ ಸಂಖ್ಯೆ ಕೊಡುವುದು ನಮ್ಮ ಪದ್ಧತಿ. ಇದುವರೆಗೆ ನಲವತ್ತೊಂದು ಬಂದಿವೆ. ಹೆಚ್ಚಿನವು ನಿಜವಾಗಿಯೂ ಖಾಲಿ, ಕೆಲವು ಶುದ್ಧ ತಲೆಹರಟೆ. ಪ್ರತಿಯೊಂದನ್ನೂ ನಾನೇ ಕಿಟಕಿಯ ಬಳಿ ಒಯ್ದು ನೋಡಿದ್ದೇನೆ.

ಈಗ ಮೇಡಂ ಹೊರಡುತ್ತಿದ್ದಾರೆ. ಅಂದಿನ ಅಧೀಕ್ಷಕರೂ ನಿವೃತ್ತರಾಗಿದ್ದು, ಇದೇ ಗ್ರಂಥದಲ್ಲಿ ಅವರ ಲೇಖನವಿದೆ. ಅದು ನನ್ನದಕ್ಕಿಂತ ಉದ್ದವೆಂದು ಅವರೇ ಫೋನು ಮಾಡಿ ಹೇಳಿದ್ದಾರೆ. ದರ್ಜಿ ಬಿಡುಗಡೆಯಾಗಿ ಒಂಬತ್ತು ವರ್ಷವಾಯಿತು. ಸೈಕಲ್ ಅಂಗಡಿಯ ಪಕ್ಕದಲ್ಲೇ ಒಂದು ಮಿಷನ್ನು ಹಾಕಿಕೊಂಡು, ದಪ್ಪ ಗಾಜಿನ ಕನ್ನಡಕದ ಹಿಂದಿನ ಒಂದೇ ಕಣ್ಣಿನಿಂದ ಸೂಜಿಗೆ ದಾರ ಪೋಣಿಸುತ್ತಾರೆ. ನಮ್ಮ ಕಚೇರಿಯ ಪರದೆಗಳು ಅವರು ಹೊಲಿದವು. ದಿನಾ ಬೆಳಿಗ್ಗೆ ಮೇಡಂ ಮೆಟ್ಟಿಲು ಹತ್ತುವ ಮುಂಚೆ ಇಬ್ಬರೂ ಎರಡು ಮಾತಾಡುತ್ತಾರೆ. ನನಗೂ ಅವರು ಈಗ ತಲೆಯಾಡಿಸುತ್ತಾರೆ.

ಮೇಡಂಗೆ ಗಟ್ಟಿ ಆರೋಗ್ಯವೂ, ಹೊರಗಿನಿಂದಲೇ ನಮ್ಮ ತಪ್ಪು ಹಿಡಿಯುವ ಬಿಡುವೂ ಬಹುಕಾಲ ಇರಲಿ. ಮನೆಯಲ್ಲಿ ಕುಳಿತು ಪುಸ್ತಕ ಓದುತ್ತೇನೆಂಬ ಅವರ ಮಾತನ್ನು ನಾವ್ಯಾರೂ ನಂಬಿಲ್ಲ, ಅವರೂ ನಂಬದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಇನ್ನು ಮೇಡಂ, ನಿಮಗೇ ಒಂದು ಮಾತು. ನಿಮ್ಮ ಕೈಗೆ ಬರುವ ಪ್ರತಿಯಲ್ಲಿ ಕೊನೆಯ ಹಾಳೆ ಖಾಲಿ ಇರುತ್ತದೆ. ಅದು ಮುದ್ರಕರ ತಪ್ಪಲ್ಲ. ನಿಮಗೆ ಏನಾದರೂ ಬರೆಯಬೇಕೆಂದು ದರ್ಜಿ ಅದನ್ನು ನನ್ನಿಂದ ಕೇಳಿ ಪಡೆದಿದ್ದರು. ಬರೆಯಲು ಚಾಕ್‌ಪೀಸು ತೆಗೆದಾಗ, ನೀಲಿಯದು ಪಕ್ಕದಲ್ಲೇ ಇದೆ, ಕೊಡಲೇ ಎಂದು ಕೇಳಿದೆ.

“ಬಿಳೀದೇ ಇರ್ಲಿ,” ಎಂದರು. “ಅವರಿಗೆ ಓದೋಕೆ ಬರುತ್ತೆ.”