ಮ್ಯಾಚಿಂಗ್ ಸೆಂಟರಿನ ನೇರಳೆ ದಾರ

ಇವತ್ತು ಬೆಳಿಗ್ಗೆ ಹೊಲಿಗೆ ಡಬ್ಬಿಯಲ್ಲಿ ಸೂಜಿ ಹುಡುಕುವಾಗ ನೇರಳೆ ದಾರದ ರೀಲೊಂದು ಕೈಗೆ ಬಂತು. ಅದರಿಂದ ನಾನು ಒಂದು ಗುಂಡಿಯನ್ನೂ ಹೊಲಿದವಳಲ್ಲ. ಹೊಸ ಲೈನಿಂಗ್ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದಂತಾಯಿತು... ಜಯನಗರ ನಾಲ್ಕನೇ ಬ್ಲಾಕಿನ ಮ್ಯಾಚಿಂಗ್ ಸೆಂಟರಿನ ಅಂಕಲ್ ನೆನಪಾದರು.

ಅವರದು ಒಂದೇ ಹಠ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅದರಡಿ ಯಾರ ಸೀರೆಗೂ ಫಾಲ್ಸ್ ಆರಿಸುತ್ತಿರಲಿಲ್ಲ. ಸೀರೆ, ಗಿರಾಕಿ ಎರಡನ್ನೂ ಬಾಗಿಲಿಗೆ ತಂದು, ಬಿಸಿಲಲ್ಲಿ ಹಿಡಿದು ನೋಡಿದ ಮೇಲೆಯೇ ಕತ್ತರಿ ಎತ್ತುತ್ತಿದ್ದರು. ಹಬ್ಬದ ಸಮಯದಲ್ಲಿ ಗಿರಾಕಿಗಳು ಎಷ್ಟು ಗೊಣಗಿದರೂ ಅಷ್ಟೇ.

ಆಗ ನಾನು ಅಲ್ಲೇ ಹತ್ತಿರದ ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದೆ. ಶಾಯಿಯಂತೆ ಗಾಜಿನ ಮೇಲೆ ಬಳಿದರೆ ಬಿಸಿಲನ್ನು ಕರೆಂಟು ಮಾಡುವ ಪ್ಲಾಸ್ಟಿಕ್, ಅಂದರೆ ಅರೆವಾಹಕ ಪಾಲಿಮರ್ ರೂಪಿಸುವುದು ನನ್ನ ಕೆಲಸ. ಅದರ ಅಣುಸರಪಳಿಗೆ ಯಾವ ಬಾಲ ಜೋಡಿಸಿದರೆ ಕರಗುತ್ತದೆ ಎಂದು ನೋಡುವುದರಲ್ಲೇ ಮೂರು ವರ್ಷ ಹೋಗಿತ್ತು. ಕೊನೆಗೊಂದು ಚೆಂದದ ನೇರಳೆ ಪಾಲಿಮರ್ ಸಿಕ್ಕಿತು. ಆದರೆ ಅದನ್ನು ಬಳಿದ ಗಾಜುಗಳು ಮೊದಲ ದಿನ ಕರೆಂಟು ಕೊಟ್ಟು ವಾರದೊಳಗೆ ಮಲಗಿಬಿಡುತ್ತಿದ್ದವು. "ಡಿಸೈನೇ ಸರಿಯಿಲ್ಲ, ಬಿಟ್ಬಿಡಿ ಇದನ್ನ" ಎಂದುಬಿಟ್ಟರು ನನ್ನ ಗೈಡ್.

ಆ ಶನಿವಾರ ಮಧ್ಯಾಹ್ನ ಫಾಲ್ಸ್‌ಗೆಂದು ಅಂಗಡಿಗೆ ಹೋದೆ. ಸೀರೆಯೊಂದಿಗೆ ಚೀಲದಿಂದ ಒಂದು ಸತ್ತ ಗಾಜೂ ಹೊರಬಂತು. ಬೇಸರಕ್ಕೋ ಕುಚೇಷ್ಟೆಗೋ, "ಅಂಕಲ್, ಇದಕ್ಕೂ ಮ್ಯಾಚಿಂಗ್ ದಾರ ಕೊಡಿ ನೋಡೋಣ" ಅಂದೆ.

ಅವರು ನಗಲಿಲ್ಲ. ಗಾಜನ್ನು ಬಾಗಿಲಿಗೊಯ್ದು, ಹಿಂಬದಿಗೆ ನಾನು ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು.

"ಯಾವ್ದಕ್ಕಮ್ಮ ಮ್ಯಾಚ್ ಮಾಡ್ಲಿ? ಚೀಟಿ ಇದ್ದ ಕಡೆ ಒಂದು ಬಣ್ಣ, ಸುತ್ತಾ ಇನ್ನೊಂದು. ಬಿಸಿಲು ತಿಂದ್ಬಿಟ್ಟಿದೆ. ಶೋಕೇಸಲ್ಲಿಟ್ಟ ಸೀರೆ ಮಡಿಕೆನೂ ಹೀಗೇ ಆಗೋದು. ಕಿಟಕಿ ಹತ್ರ ಇಟ್ಟಿದ್ರಾ?"

ಇಟ್ಟಿದ್ದೆ! ಬಿಸಿಲು ಕುಡಿಯಲೆಂದೇ ಮಾಡಿದ ವಸ್ತುವಿಗೆ ಬಿಸಿಲೇನು ಮಾಡೀತು ಎಂಬ ಧೈರ್ಯದಲ್ಲಿ ಲ್ಯಾಬಿನ ಕಿಟಕಿಯುದ್ದಕ್ಕೂ ಸಾಲಾಗಿ ಜೋಡಿಸಿದ್ದೆ. ಗಾಳಿ, ಬೆಳಕು ಎರಡೂ ಸೇರಿದರೆ ಇಂಥವು ಕೆಡುತ್ತವೆಂದು ಓದಿಯೂ ಇದ್ದೆ. ನಾಚಿಕೆಯಾಯಿತು. ಅವರು ಚೀಟಿ ಕಾಪಾಡಿದ್ದ ಬಣ್ಣಕ್ಕೆ ದಾರ ಹುಡುಕಿ, "ಅಸಲು ಬಣ್ಣ ಇದು, ಇಟ್ಕೊಳ್ಳಿ" ಎಂದು ಕೈಗಿಟ್ಟರು.

ಹೊಸ ಗಾಜುಗಳನ್ನು ಗಾಳಿ ಹೋಗದಂತೆ ಸೀಲ್ ಮಾಡಿ ಅದೇ ಕಿಟಕಿಯಲ್ಲಿಟ್ಟೆ. ಪಕ್ಕದಲ್ಲೇ ಆ ರೀಲು. ವಾರ ಕಳೆಯಿತು, ತಿಂಗಳು ಕಳೆಯಿತು. ದಾರ ಮಾಸಿತೇ ಹೊರತು ಗಾಜಿನ ಬಣ್ಣ ಕದಲಲಿಲ್ಲ, ಕರೆಂಟೂ ಇಳಿಯಲಿಲ್ಲ. ನನ್ನ ಥೀಸಿಸ್ ಉಳಿಯಿತು.

ಅದರ ಮೊದಲ ಪುಟದಲ್ಲಿ ಎಲ್ಲರಿಗೂ ಕೃತಜ್ಞತೆ ಹೇಳಿದೆ, ಅವರೊಬ್ಬರನ್ನು ಬಿಟ್ಟು. ಅಂಗಡಿಯವರ ಹೆಸರು ಹಾಕಿದರೆ ನಕ್ಕಾರು ಎಂಬ ಬಿಂಕ. ಖುದ್ದು ಹೋಗಿ ಗಾಜು ತೋರಿಸಿದರಾಯಿತು ಎಂದುಕೊಂಡೆ... ಇವತ್ತು, ನಾಳೆ ಎನ್ನುತ್ತಲೇ ಎರಡು ವರ್ಷವಾಯಿತು. ಹೋದಾಗ ಅಲ್ಲಿ ಮೊಬೈಲ್ ಅಂಗಡಿಯಿತ್ತು. "ತೀರ್ಕೊಂಡ್ಬಿಟ್ರಮ್ಮ ಅವ್ರು, ಹೋದ್ವರ್ಷ" ಎಂದರು ಪಕ್ಕದ ಬಳೆ ಅಂಗಡಿಯಾಕೆ. ತಂದ ಗಾಜನ್ನು ಚೀಲದಿಂದ ತೆಗೆಯಲೇ ಇಲ್ಲ.

ಬೆಳಿಗ್ಗೆ ರೀಲನ್ನು ನಮ್ಮ ಮನೆಯ ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿದೆ. ಮೇಲಿನ ದಾರವೆಲ್ಲ ಮಾಸಿಹೋಗಿದೆ. ನಾಲ್ಕು ಸುತ್ತು ಬಿಚ್ಚಿದೆ. ಒಳಗೆ ಅವರು ಕೊಟ್ಟ ಬಣ್ಣ ಹಾಗೇ ಇದೆ. ಅಸಲು ಬಣ್ಣ ಇದೇ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಇಲ್ಲ.