ಮುಯ್ಯಿ ಚೆಕ್ಕಿನ ಒಂದು ರೂಪಾಯಿ

ಅರಕಲಗೂಡಿನ ನಮ್ಮ ಬ್ಯಾಂಕಿನಲ್ಲಿ ಅವಳ ಮೇಜೂ ನನ್ನ ಮೇಜೂ ಅಕ್ಕಪಕ್ಕದಲ್ಲೇ ಇದ್ದವು. ಅವಳ ಮುಂದೆ ಸದಾ ಜನ, ನನ್ನ ಮುಂದೆ ಖಾಲಿ ಕುರ್ಚಿ. ಇಲ್ಲಿ ಬನ್ನಿ, ಯಾರೂ ಇಲ್ಲ ಎಂದು ನಾನೇ ಕೈಮಾಡಿ ಕರೆದರೂ, "ಇರ್ಲಿ ಬುಡಿ ಮೇಡಂ, ಆ ಅಕ್ಕನೇ ನೋಡ್ತದೆ" ಎಂದು ಅಲ್ಲೇ ನಿಲ್ಲುತ್ತಿದ್ದರು. ನಾನು ಮೇಡಂ, ಅವಳು ಅಕ್ಕ. ವಯಸ್ಸಿನಲ್ಲಿ ನನಗಿಂತ ಎಷ್ಟು ಚಿಕ್ಕವಳು ಎಂದರೆ ನನ್ನ ಮದುವೆಯ ಹೊತ್ತಿಗೆ ಅವಳು ಲಂಗ ತೊಟ್ಟು ಓಡಾಡುತ್ತಿದ್ದಿರಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಶುರುವಾದ ನನ್ನ ಹೊಟ್ಟೆಯುರಿ ಸಂಜೆ ಹಾಸನದ ಬಸ್ಸು ಹತ್ತಿದರೂ ಆರುತ್ತಿರಲಿಲ್ಲ.

ಇಬ್ಬರದೂ ಒಂದೇ ಕೆಲಸ. ಖಾತೆದಾರರ ಆಧಾರ್, ಪಾನ್ ಸರಿಯಿದೆಯೇ ನೋಡುವುದು, ಬಂದ ಚೆಕ್ಕಿನ ಸಹಿ ಮತ್ತು ಮೊತ್ತ ಪರೀಕ್ಷಿಸುವುದು, ಅನುಮಾನ ಬಂದರೆ ತಡೆಯುವುದು, ಇದೆಲ್ಲದರ ಬಗ್ಗೆ ಜನ ಕೇಳುವ ನೂರೆಂಟು ಪ್ರಶ್ನೆಗೆ ಉತ್ತರ ಹೇಳುವುದು. ನಿಯಮಗಳೆಲ್ಲ ನನಗೆ ಬಾಯಿಪಾಠ. ಅವಳು ಎಷ್ಟೋ ಸಲ ಕುರ್ಚಿ ನನ್ನ ಕಡೆ ಎಳೆದುಕೊಂಡು, "ಅಕ್ಕ, ಇದುಕ್ಕೇನು ರೂಲು?" ಎಂದು ಪಿಸುಗುಟ್ಟಿ ಕೇಳಿ, ನಾನು ಹೇಳಿದ್ದನ್ನೇ ತನ್ನ ಮಾತಿನಲ್ಲಿ ಜನರಿಗೆ ಹೇಳುತ್ತಿದ್ದಳು.

ಒಮ್ಮೆ ಒಬ್ಬ ರೈತ, ಗೊಬ್ಬರದ ಅಂಗಡಿಯವನಿಗೆ ಸಹಿ ಹಾಕಿದ ಖಾಲಿ ಚೆಕ್ಕು ಕೊಡಬಹುದೇ ಎಂದು ನನ್ನನ್ನು ಕೇಳಿದ. ಮೊತ್ತ ನಮೂದಿಸದ ಚೆಕ್ಕು ಕೊಡುವುದು ಸುರಕ್ಷಿತವಲ್ಲ, ಕೊಟ್ಟರೆ ಅದರ ಸಂಪೂರ್ಣ ಜವಾಬ್ದಾರಿ ನಿಮ್ಮದೇ ಎಂದೆ. ಅವನು ತಲೆ ಕೆರೆದುಕೊಂಡು ಪಕ್ಕದ ಮೇಜಿಗೆ ಹೋದ. "ಕೊಟ್ಟೀಯ ಕಣಣ್ಣ, ಜೋಕೆ. ಅವ್ನು ಎಷ್ಟ್ ಬೇಕಾದ್ರೂ ಬರ್ಕತಾನೆ. ಆಮೇಲೆ ನನ್ ತಾವ ಬಂದು ಅತ್ರೆ ನಾನೇನ್ ಮಾಡ್ಲಿ?" ಅಂದಳು. ಅವನು ನಕ್ಕು, "ಇಂಗೆ ಬುಡ್ಸಿ ಯೋಳುದ್ರೆ ಗೊತ್ತಾಯ್ತದೆ" ಎಂದು ನನ್ನ ಕಡೆ ನೋಡಿಕೊಂಡೇ ಹೋದ. ನಾನು ಹೇಳಿದ್ದು ಮತ್ತಿನ್ನೇನು? ಮೈಯೆಲ್ಲ ಉರಿದುಹೋಯಿತು.

ಅವಳು ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿಯವಳು. ಮನೆಮಾತನ್ನು ಬ್ಯಾಂಕಿಗೆ ಹಾಗೇ ತಂದಿದ್ದಳು. ನಾನೇನು ವಿಲಾಯತಿಯಿಂದ ಬಂದವಳಲ್ಲ, ಹೊಳೆನರಸೀಪುರದಲ್ಲೇ ಹುಟ್ಟಿದವಳು. ನಮ್ಮಪ್ಪ ಮೇಷ್ಟ್ರು. "ಓಗು" ಅಂದರೆ ಬೆತ್ತ ಎತ್ತಿ "ಹೋಗು" ಅನ್ನಿಸುತ್ತಿದ್ದರು. ಹೊಡೆತ ತಿಂದು ಕಲಿತ ಕನ್ನಡ ನನ್ನದು. ಅದೇ ನನಗೆ ಅಡ್ಡ ಬಂತಲ್ಲ ಎಂದು ಸತ್ತುಹೋದ ಅಪ್ಪನ ಮೇಲೂ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಹಾಸನದ ನಮ್ಮ ಮೇಲಿನ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಶಾಖೆಗಳು ನಿಯಮದಂತೆ ನಡೆಯುತ್ತಿವೆಯೇ ನೋಡುವ, ಚೆಕ್ಕಿನ ಮೋಸಗಳ ಬಗ್ಗೆ ಸಲಹೆ ಕೊಡುವ ಜಾಗ. ನಮ್ಮ ಶಾಖೆಯಿಂದ ಒಬ್ಬರ ಹೆಸರನ್ನು ಮ್ಯಾನೇಜರು ಕಳಿಸಬೇಕು. ಅದು ನನಗೆ ಬೇಕೇ ಬೇಕಿತ್ತು. ನನ್ನ ಮನೆ ಹಾಸನದಲ್ಲಿ. ಹೆಂಗಸರಿಗೆ ಪ್ರಯಾಣ ಪುಕ್ಕಟೆ ಎಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಕಂಬಿಗೆ ನೇತಾಡಿ ಭುಜ ಹಿಡಿದುಕೊಂಡಿತ್ತು.

ಅವಳಿಗೂ ಅದೇ ಜಾಗ ಬೇಕಿತ್ತು. ಅವಳು ಅರಕಲಗೂಡಿನಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಇನ್ನೂ ಮಾತು ಕಲಿಯುತ್ತಿದ್ದ ಮಗಳನ್ನು ಊರಿನಲ್ಲಿ ಅತ್ತೆಯ ಕೈಗೆ ಕೊಟ್ಟು ಬಂದಿದ್ದಳು. ವಾರಕ್ಕೊಮ್ಮೆ ಹೋಗಿ ನೋಡಿ ಬರಬೇಕು. ಹಾಸನಕ್ಕೆ ಹಾಕಿದರೆ ದಿನಾ ಊರಿಂದಲೇ ಓಡಾಡಬಹುದು ಎಂದು ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಾ ಎಲ್ಲರೆದುರೂ ಹೇಳಿಕೊಂಡಿದ್ದಳು. ಅವಳ ಕಷ್ಟ ನನಗೆ ತಿಳಿಯದ್ದಲ್ಲ. ಆದರೂ ಎಲ್ಲವೂ ಅವಳಿಗೇ ಯಾಕೆ ಸಿಗಬೇಕು? ಜನ ಸಿಕ್ಕಿದ್ದು ಸಾಲದೇ?

ಹೆಸರು ಕಳಿಸುವ ವಾರದಲ್ಲೇ ಆ ಚೆಕ್ಕು ಬಂತು. ತಂದವರು ಇಬ್ಬರು, ಒಬ್ಬ ನಡುವಯಸ್ಸಿನ ರೈತ ಮತ್ತು ಅವನ ತಾಯಿ. ರೈತನ ಮಗಳ ಮದುವೆಯಲ್ಲಿ ಹುಡುಗಿಯ ಸೋದರಮಾವ ಮುಯ್ಯಿ ಓದಿಸಿ ಕೊಟ್ಟ ಚೆಕ್ಕು ಅದು. ಆ ಮಾವ ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವನು. ಅವನ ಖಾತೆಯೂ ನಮ್ಮಲ್ಲೇ. ಅವಳ ಮುಂದೆ ತೀರಾ ನೂಕುನುಗ್ಗಲಾಗಿದ್ದರಿಂದ ಆ ದಿನ ಚೆಕ್ಕು ನನ್ನ ಪಾಲಿಗೆ ಬಂತು.

ಮೊದಲು ಮೊತ್ತ ನೋಡಿದೆ. ಇಪ್ಪತ್ತೈದು ಸಾವಿರದ ಒಂದು ರೂಪಾಯಿ. ಕೊನೆಯ ಸೊನ್ನೆಯ ಮೇಲೆ ಒಂದು ಎಂದು ಒತ್ತಿ ತಿದ್ದಿತ್ತು. ಅಕ್ಷರದಲ್ಲೂ ಸಾವಿರಕ್ಕೂ ಮಾತ್ರಕ್ಕೂ ನಡುವೆ "ದ ಒಂದು" ಎಂದು ತುರುಕಿತ್ತು. ತಿದ್ದಿದ್ದನ್ನು ಎತ್ತಿ ತೋರಿಸುವ ನೀಲಿ ದೀಪದ ಕೆಳಗೆ ಹಿಡಿದೆ. ಶಾಯಿ ಬೇರೆ, ಕೈಬರಹ ಬೇರೆ. ಇಂಥದ್ದೊಂದನ್ನು ಈ ವಾರ ಹಿಡಿದರೆ ಹಾಸನದ ಕುರ್ಚಿ ನನ್ನದೇ ಎಂದುಕೊಂಡೆ. ಒಂದು ರೂಪಾಯಿಗಾಗಿ ಯಾರು ಮೋಸ ಮಾಡುತ್ತಾರೆ ಎಂದು ಒಂದು ಕ್ಷಣ ಯೋಚಿಸಬೇಕಿತ್ತು ಅನ್ನುತ್ತೀರಿ. ತಿದ್ದಿದ ಚೆಕ್ಕು ತಿದ್ದಿದ ಚೆಕ್ಕೇ. ನಿಯಮದಲ್ಲಿ ಒಂದು ರೂಪಾಯಿಗೆ ಬೇರೆ ದಾರಿ ಇಲ್ಲ.

ಚೆಕ್ಕು ಬರೆದವನಿಗೆ ಅಲ್ಲಿಂದಲೇ ಫೋನು ಮಾಡಿದೆ. ಎಷ್ಟು ಬರೆದಿದ್ದೀರಿ ಎಂದೆ. "ಇಪ್ಪತ್ತೈದ್ ಸಾವ್ರ ಮೇಡಂ" ಅಂದ. ನಿಮ್ಮ ಚೆಕ್ಕಿನ ಮೊತ್ತವನ್ನು ತಿದ್ದಲಾಗಿದೆ ಎಂದೆ. "ಅಕ್ಕನ ಮನೆಯೋರು ನನ್ ಚೆಕ್ಕೇ ತಿದ್ದವ್ರಾ? ಇರ್ಲಿ, ಈಗ್ಲೇ ಬತ್ತೀನಿ" ಎಂದು ಫೋನು ಇಟ್ಟ. ಎದುರಿಗೆ ಕೂತಿದ್ದ ರೈತನ ಮುಖ ಇಷ್ಟಾಯಿತು. ಅಜ್ಜಿ, "ಬೀಗರ ಮುಂದೆ ನಮ್ಮುನ್ನ ಕಳ್ರು ಮಾಡ್ಬುಟ್ರಲ್ಲಪ್ಪ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಇಡೀ ಬ್ಯಾಂಕು ತಿರುಗಿ ನನ್ನನ್ನು ನೋಡಿತು.

ಆಗ ಅವಳು ಎದ್ದು ಬಂದಳು. ನನ್ನ ಮೇಜಿನ ಚೆಕ್ಕನ್ನು ಬಗ್ಗಿ ನೋಡಿ, ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಯಾರಜ್ಜಿ ಈ ಒಂದ ಸೇರ್ಸಿದ್ದು?" ಎಂದು ಕೇಳಿದಳು.

"ನಾನೇ ಕಣವ್ವ, ನನ್ ಮಗನ್ ಕೈಲಿ ಆಕ್ಸಿದ್ದು. ಸೋದ್ರುಮಾವ ಆದೋನು ಸೊನ್ನೆ ಮಡಗಿ ಮುಯ್ಯಿ ಇಕ್ತಾನಾ? ಮಗಿಗೆ ಒಳ್ಳೇದಾಯ್ತದಾ? ಮರ್ತಿರ್ತಾನೆ ಅಂತ ನಾವೇ ಸರಿ ಮಾಡ್ದೋ. ಆ ಒಂದ್ ರೂಪಾಯ ಬೇಕಾದ್ರೆ ನಾನೇ ಕೊಡ್ತೀನಿ."

ಅವಳು ನಕ್ಕುಬಿಟ್ಟಳು. ಅಜ್ಜಿಯೂ ಅಳುತ್ತಲೇ ನಕ್ಕಳು. ನಮ್ಮ ಕಡೆ ಮದುವೆಗೆ ಸೊನ್ನೆಯಲ್ಲಿ ಮುಗಿಯುವ ದುಡ್ಡು ಯಾರೂ ಕೊಡುವುದಿಲ್ಲ, ಮೇಲೊಂದು ರೂಪಾಯಿ ಇಟ್ಟೇ ಕೊಡುತ್ತಾರೆ. ನಾನೂ ಎಷ್ಟು ಮದುವೆಗೆ ಹಾಗೆ ಕೊಟ್ಟಿದ್ದೇನೋ. ಚೆಕ್ಕು ನೋಡುವಾಗ ಅದು ತಲೆಗೇ ಬರಲಿಲ್ಲ. ಅವಳಿಗೆ ಬಂತು.

ಮಾವ ಬೈಕಿನಲ್ಲಿ ಕೆಂಡವಾಗಿ ಬಂದ. ಅವಳು ಬಾಗಿಲಲ್ಲೇ ತಡೆದು, "ತಪ್ಪು ನಿಮ್ದೇ ಕಣಣ್ಣ, ಮುಯ್ಯಿಗೆ ಸೊನ್ನೆ ಬರ್ದಿದ್ದೀರಿ. ಅಜ್ಜಿ ಸರಿ ಮಾಡ್ಸವ್ಳೆ. ಆದ್ರೆ ತಿದ್ದಿರೋ ಚೆಕ್ಕು ನಡೆಯಾಕಿಲ್ಲ, ಬ್ಯಾರೆ ಬರ್ದ್ಕೊಡಿ" ಅಂದಳು. ಅವನು ನಿಂತಲ್ಲೇ ಯೋಚಿಸಿ, "ಅಯ್ಯೋ, ಅವ್ದಲ್ಲ" ಎಂದು ತಲೆ ಚಚ್ಚಿಕೊಂಡು ಹೊಸ ಚೆಕ್ಕು ಬರೆದುಕೊಟ್ಟ. ಹೋಗುವಾಗ ಅಜ್ಜಿ ಅವಳ ಕೆನ್ನೆ ಮುಟ್ಟಿ ನೆಟಿಗೆ ತೆಗೆದಳು. ನನ್ನ ಮೇಜಿನ ಮುಂದೆ ಹಾದು ಹೋಗುತ್ತಾ ಮಗನಿಗೆ, "ಈವಮ್ಮ ಯಾರ್ಲಾ, ಪೋಲೀಸ್ನೋರಾ?" ಎಂದಳು. ತಿದ್ದಿದ್ದನ್ನು ಹಿಡಿದವಳು ನಾನು. ಚೆಕ್ಕು ನಡೆಯದು ಎಂಬ ನಿಯಮವೂ ನಾನು ಹೇಳಿಕೊಟ್ಟದ್ದೇ. ಆಶೀರ್ವಾದ ಅವಳಿಗೆ. ಹಾಸನವೂ ಅವಳಿಗೇ ಎಂದು ಆವತ್ತೇ ಆಸೆ ಬಿಟ್ಟೆ.

ಶುಕ್ರವಾರ ಮ್ಯಾನೇಜರು ಒಳಗೆ ಕರೆದು, ನಿಮ್ಮ ಹೆಸರನ್ನೇ ಕಳಿಸಿದ್ದೇನೆ, ಒಪ್ಪಿಗೆಯೂ ಬಂತು ಎಂದರು. ನನಗೆ ನಂಬಿಕೆಯೇ ಬರಲಿಲ್ಲ. ಚೆಕ್ಕು ಹಿಡಿದದ್ದಕ್ಕಾ ಸಾರ್ ಎಂದು ಕೇಳಿದೆ. ಕೇಳಬಾರದಿತ್ತು.

"ಅದನ್ನೂ ಬರ್ದಿದ್ದೀನಿ. ಆದ್ರೆ ನಿಜ ಹೇಳ್ಬೇಕಂದ್ರೆ, ಆ ಹುಡುಗೀನ ಕಳಿಸಿದ್ರೆ ಇಲ್ಲಿ ಜನ ನನ್ನ ಬಿಡಲ್ಲ ಮೇಡಂ. ನೀವಾದ್ರೆ ಪರ್ವಾಗಿಲ್ಲ, ಹೇಗೋ ಸುಧಾರಿಸ್ಕೋತೀವಿ" ಎಂದರು. ಒಳ್ಳೆಯ ಮನುಷ್ಯ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ಥ್ಯಾಂಕ್ಸ್ ಸಾರ್ ಎಂದು ಹೊರಗೆ ಬಂದೆ.

ಸುದ್ದಿ ನನಗಿಂತ ಮುಂಚೆ ಅವಳಿಗೆ ಮುಟ್ಟಿತ್ತು. ಅವಳ ಕಣ್ಣು ಕೆಂಪಾಗಿತ್ತು. ಎಲ್ಲರೆದುರೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಅಂದಳು, "ಸುಳ್ ಯಾಕ್ ಯೋಳ್ಲಿ ಅಕ್ಕ, ನಿಮ್ಮುನ್ನ ನೋಡಿದ್ರೆ ನಂಗೆ ಒಟ್ಟೆ ಉರೀತದೆ." ಅಂದು ಮೂಗು ಒರೆಸಿಕೊಂಡು ನಕ್ಕಳು. ಸುತ್ತ ಇದ್ದವರೂ ನಕ್ಕರು. ಆಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಮುಂದೆ ನಿಂತಿದ್ದವನನ್ನು ಏನ್ ಬೇಕಣ್ಣ ಎಂದು ವಿಚಾರಿಸತೊಡಗಿದಳು.

ಎರಡು ವರ್ಷ ಅದೇ ಮಾತನ್ನು ಗಂಟಲಲ್ಲಿ ಇಟ್ಟುಕೊಂಡು ಅವಳ ಪಕ್ಕದಲ್ಲಿ ಕೂತಿದ್ದವಳು ನಾನು. ಅವಳಿಗೆ ಅಷ್ಟು ಸಲೀಸಾಗಿ ಹೇಳಲು ಬಂತಲ್ಲ ಎಂದು ನನಗೆ ಅದಕ್ಕೂ ಹೊಟ್ಟೆ ಉರಿಯಿತು.